ಎಡಗೈ ಪಿಚರನ ಎರಡನೇ ಸ್ಪೆಲ್

ಮೊನ್ನೆ ಇಲ್ಲಿ ದುಬೈಯ ಊದ್ ಮೇಥಾದ ಅಂಗಡಿಯೊಂದರಲ್ಲಿ ವಾಕಿಂಗ್ ಶೂ ಹುಡುಕುತ್ತಿದ್ದಾಗ ಬೇಸ್‌ಬಾಲಿನ ಕೈಗವುಸಿನ ಹೊಸ ಚರ್ಮದ ವಾಸನೆ ಮೂಗಿಗೆ ಬಡಿಯಿತು ನೋಡಿ, ವಾಲ್ಟರ್ ಸಾಹೇಬರು ನೆನಪಾದರು.

ಅಮೆರಿಕದವರು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ನಮ್ಮ ಪೈಪು ಕಾರ್ಖಾನೆಯಲ್ಲಿ ನನ್ನ ಮೇಲಧಿಕಾರಿ. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಉಳಿದದ್ದು ಈ ಕೆಲಸ, ಮತ್ತೆ ಒಬ್ಬ ಹೆಸರಾಂತ ಎಡಗೈ ಪಿಚರ್. ಬೇಸ್‌ಬಾಲಿನ ಬೌಲರ್ ಅಂದುಕೊಳ್ಳಿ. ಅವನ ಹೆಸರು ನನ್ನ ನಾಲಿಗೆಗೆ ಹತ್ತಲೇ ಇಲ್ಲ. ಶುಕ್ರವಾರ ಮಧ್ಯಾಹ್ನ ನನ್ನನ್ನೂ ಸ್ಟೋರ್‌ಕೀಪರ್ ಹಮೀದನನ್ನೂ ಮನೆಗೆ ಕರೆದು ಅವನ ಆಟದ ಕ್ಯಾಸೆಟ್ಟು ಹಾಕುತ್ತಿದ್ದರು. ಹಮೀದ್ ಉಡುಪಿ ಕಡೆಯ ಬ್ಯಾರಿ. ಬಿರಿಯಾನಿ ಅವನದು.

ಮೊದಲ ದಿನವೇ ಹಮೀದನಿಗೆ ಸಿಟ್ಟು ಬಂತು. “ಎಂಥ ಮಾರಾಯ್ರೇ, ಇವ ಕೈ ಮಡಚಿ ಕಲ್ಲು ಬಿಸಾಡಿದ ಹಾಗೆ ಬಿಸಾಡುದು! ನೋಬಾಲ್ ಕೊಡುವವರೇ ಇಲ್ವಾ?”

ನನಗೂ ತಲೆಬುಡ ತಿಳಿಯಲಿಲ್ಲ. ಯಾರ ಬ್ಯಾಟಿಗೂ ಚೆಂಡು ತಾಗದ ದಿನವೇ ಶ್ರೇಷ್ಠ ಆಟವಂತೆ! ಹರೆಯದಲ್ಲಿ ಆ ಪಿಚರನದು ಗುಂಡಿನ ವೇಗ. ಭುಜ ಕೊಯ್ಯಿಸಿಕೊಂಡ ಮೇಲೆ ಬರೀ ನಿಧಾನದ, ಮೋಸದ ಎಸೆತ. ಆದರೂ ನಲವತ್ತು ದಾಟುವವರೆಗೆ ಆಡಿದ. “ವಯಸ್ಸಾದರೇನು, ಕೆಲಸ ಬರುತ್ತದಲ್ಲ?” ಎನ್ನುತ್ತಿದ್ದರು ಸಾಹೇಬರು. ಅವರಿಗೆ ಅರವತ್ತಾಗಿತ್ತು. ವೀಸಾ ಇನ್ನೊಮ್ಮೆ ನವೀಕರಿಸುತ್ತಾರೋ ಇಲ್ಲವೋ ಎಂಬ ಚಿಂತೆ ಅವರನ್ನು ಕೊರೆಯುತ್ತಿತ್ತು.

ಒಂದು ಶುಕ್ರವಾರ ಅವನ ಕೊನೆಯ ಆಟ ತೋರಿಸಿದರು. ಆಟದ ನಡುವೆ ತಂಡದ ಮ್ಯಾನೇಜರ್ ಮೈದಾನಕ್ಕೆ ಬಂದು ಕೈಚಾಚಿದ. ಪಿಚರ್ ಚೆಂಡನ್ನು ಆ ಅಂಗೈಗಿಟ್ಟು ಹೊರನಡೆದ. ಜನವೆಲ್ಲ ಎದ್ದು ನಿಂತು ಚಪ್ಪಾಳೆ! ಅಲ್ಲ, ಹೊರಹಾಕಿಸಿಕೊಂಡವನಿಗೆ ಚಪ್ಪಾಳೆಯೇ? ಸಾಹೇಬರ ಕಣ್ಣು ತುಂಬಿತ್ತು. ಪಾಪ ಅನ್ನಿಸಿ ಸಮಾಧಾನ ಹೇಳಿದೆ: “ಬಿಡಿ ಸರ್, ಎರಡನೇ ಸ್ಪೆಲ್ ಇರುತ್ತದಲ್ಲ. ಆ ತುದಿಯಿಂದ ಬರುತ್ತಾನೆ.”

“ಈ ಆಟದಲ್ಲಿ ಹೊರಗೆ ಹೋದವನು ಮತ್ತೆ ಬರುವ ಹಾಗಿಲ್ಲ. ಖಲಾಸ್,” ಎಂದರು. ಆಮೇಲೆ ಟಿವಿ ಆರಿಸಿ, “ನಿನ್ನೆ ನನಗೂ ಹೇಳಿದರು. ವೀಸಾ ನವೀಕರಿಸುವುದಿಲ್ಲವಂತೆ. ನಾಳೆಯಿಂದ ನನ್ನ ಕುರ್ಚಿ ನಿನಗೆ,” ಎಂದರು.

ಹಮೀದ್ ಎಂಜಲು ಕೈಯಲ್ಲೇ ಎದ್ದು ನಿಂತ. ನಾನು ಖುಷಿಪಡಬೇಕೋ ಅಳಬೇಕೋ ತಿಳಿಯದೆ ಕೂತೇ ಇದ್ದೆ. ಇವತ್ತಿಗೂ ತಿಳಿದಿಲ್ಲ.

ಮುಂದಿನ ತಿಂಗಳು ನನಗೂ ಅರವತ್ತು. ಇನ್ನೊಂದೇ ವರ್ಷ ವೀಸಾ ಕೊಡಿ ಎಂದು ವಾರಗಟ್ಟಲೆ ಕಾರ್ಖಾನೆಯ ಮ್ಯಾನೇಜರನ ಬೆನ್ನು ಹತ್ತಿದ್ದೆ. ಅಂಗಡಿಯಿಂದ ಶೂ ಕೊಳ್ಳದೆ ಹೊರಬಂದು ಹೆಂಡತಿಗೆ ಫೋನ್ ಮಾಡಿದೆ.

“ಮಂಗಳೂರಿಗೆ ಟಿಕೆಟ್ ಮಾಡಿಸು.”

“ರಜೆ ಸಿಕ್ತಾ? ವಾಪಸ್ ಯಾವಾಗ ಬರೋದು?”

“ರಿಟರ್ನ್ ಬೇಡ,” ಎಂದೆ.