ಗಿಡ್ಡ ಉಸಿರಿನ ಹಾಡು

ಸಂಜೆ ಆರೂಕಾಲಿಗೆ ನನ್ನ ಗಂಡನ ದನಿ ಮೂಗಿಗೆ ಏರಿತು.

ಗಡಿಯಾರ ನೋಡಿಕೊಂಡದ್ದು ಚೆನ್ನಾಗಿ ನೆನಪಿದೆ. ಬೀಡಿ ಎಂಬ ಆ ಹಳ್ಳಿಯಿಂದ ಬೆಳಗಾವಿಗೆ ವಾಪಸು ಹೋಗುವ ಕೊನೆಯ ಬಸ್ಸಿನ ಚಿಂತೆ ನನಗಿತ್ತು. ಎಂಬತ್ತೆರಡನೇ ಇಸವಿಯ ಬೇಸಿಗೆ. ಒಬ್ಬ ರೈತರ ಅಂಗಳದಲ್ಲಿ ಗ್ಯಾಸ್‌ಬತ್ತಿ ಹಚ್ಚಿಟ್ಟಿದ್ದರು, ನಮ್ಮ ಹಾಡಿನ ಗುಂಪು ಯೇಸುವಿನ ಹಾಡುಗಳನ್ನು ಹಾಡುತ್ತಿತ್ತು. ಗುಂಪೆಂದರೆ ನಾಲ್ಕೇ ಜನ. ರಾಗ ಕಟ್ಟಿ, ಹಾರ್ಮೋನಿಯಂ ನುಡಿಸಿ ಹಾಡುವವರು ನನ್ನ ಗಂಡ ಸ್ಯಾಮುವೆಲ್. ಪದ ಬರೆಯುವವಳು ನಾನು. ವಡಗಾವಿಯ ಲೂಕಪ್ಪ ಹಗಲು ಮಗ್ಗ ನಡೆಸಿ ಸಂಜೆ ತಬಲಾಕ್ಕೆ ಕೂಡುತ್ತಿದ್ದ. ನಮ್ಮೆಲ್ಲರ ಹಿರಿಯರು ಖಾನಾಪುರದ ಪ್ರಭಾಕರ ಮಾಸ್ತರು. ಪ್ರಾರ್ಥನೆ ಅವರದು.

ನಮ್ಮ ಪ್ರತಿ ಹಾಡಿನಲ್ಲೂ ಒಂದು ಉದ್ದ ಸಾಲು ಇರುತ್ತಿತ್ತು. ಸ್ಯಾಮುವೆಲ್ ಅದನ್ನು ಒಂದೇ ಉಸಿರಿನಲ್ಲಿ ಹಾಡಿ ಮುಗಿಸುವವರೆಗೆ ಜನ ತಮ್ಮ ಉಸಿರನ್ನೂ ಹಿಡಿದು ಕೂಡುತ್ತಿದ್ದರು. ಅವರ ಎದೆಯ ಅಳತೆ ನೋಡಿಯೇ ನಾನು ಆ ಸಾಲು ಬರೆಯುತ್ತಿದ್ದೆ.

ಆ ಸಂಜೆ ಸಾಲು ನಡುವೆಯೇ ಮುರಿಯಿತು. ಲೂಕಪ್ಪ ತಬಲಾ ನಿಲ್ಲಿಸಿದ. "ಏನೋ ಸ್ಯಾಮ್ಯಾ, ಬಾಯಾಗ ಗೆಣಸು ತುಂಬ್ಕೊಂಡೀ ಏನ?"

ಅಂಗಳದ ಜನ ನಕ್ಕರು. ಸ್ಯಾಮುವೆಲ್ ಕೂಡ ನಕ್ಕರು.

ಅದು ನಗುವಿನ ಹಾಗಿರಲಿಲ್ಲ.

ತುಟಿಯ ಮೂಲೆಗಳು ಮೇಲೇಳಲಿಲ್ಲ. ಮೇಲ್ದುಟಿ ಮಾತ್ರ ಎದ್ದು ಹಲ್ಲು ಕಂಡವು. ಎದುರಿಗಿದ್ದವರನ್ನು ಹೀಯಾಳಿಸುವ ಮುಖ.

ಮರುದಿನ ಮುಂಜಾನೆ ಬೆಳಗಾವಿಯ ನಮ್ಮ ಮನೆಯಲ್ಲಿ ಅದೇ ಸಾಲನ್ನು ಹಾಡಿ ತೋರಿಸಿದರು. ಒಂದು ಅಕ್ಷರ ಅಲುಗಲಿಲ್ಲ. ಸಂಜೆ ಮತ್ತೆ ದನಿ ಮೂಗಿಗೆ ಹೋಯಿತು. ಹೀಗೆಯೇ ವಾರಗಳು ಕಳೆದವು. ಮುಂಜಾನೆ ಹಾಡಬಲ್ಲವನು ಸಂಜೆ ಹಾಡಲಾರ ಎಂದರೆ ನಂಬುವುದು ಹೇಗೆ? ನಾನು ನಂಬಲಿಲ್ಲ. ಗುಂಪಿನ ಮೇಲೆ ಮನಸ್ಸಿಲ್ಲ ಅಂದುಕೊಂಡೆ. ಕುಡಿತವೇನೋ ಎಂದು ಅವರ ಅಂಗಿ ಮೂಸಿ ನೋಡಿದೆ. ರಾತ್ರಿ ಊಟಕ್ಕೆ ಕೂತಾಗ ಗದ್ದಕ್ಕೆ ಕೈಕೊಟ್ಟು, ರೊಟ್ಟಿಯ ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಕೂಡುತ್ತಿದ್ದರು. ನನ್ನ ಅಡುಗೆ ಬೇಡವಾಯಿತೇ ಎಂದು ಕೇಳಿದೆ. ಮತ್ತೆ ಅದೇ ನಗು ನಕ್ಕರು. ನನಗೆ ಮೈಯುರಿಯಿತು.

ಓಣಿಯ ಡಾಕ್ಟರು ವೀಕ್ನೆಸ್ ಎಂದು ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಕೊಟ್ಟರು. ಇಎನ್‌ಟಿ ಡಾಕ್ಟರು ಗಂಟಲಲ್ಲಿ ಕನ್ನಡಿ ಇಳಿಸಿ ನೋಡಿ, ಎಲ್ಲ ನಾರ್ಮಲ್ ಎಂದರು. ಆಮೇಲೆ ಸ್ಯಾಮುವೆಲ್‌ರನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಮನ್ಯಾಗ ಏನರ ಟೆನ್ಶನ್ ಐತೇನ್ರಿ?"

ಅಲ್ಲಿಂದ ನಾನು ಡಾಕ್ಟರುಗಳನ್ನೂ ಸಂಶಯದಿಂದ ನೋಡತೊಡಗಿದೆ.

ದೊಡ್ಡಾಸ್ಪತ್ರೆಯ ಒಬ್ಬ ಹರೆಯದ ಡಾಕ್ಟರು ಮಾತ್ರ ಗಂಟಲು ನೋಡಲೇ ಇಲ್ಲ. ಗಟ್ಟಿಯಾಗಿ ಎಣಿಸಲು ಹೇಳಿದರು. ಸ್ಯಾಮುವೆಲ್ ಒಂದರಿಂದ ಎಣಿಸುತ್ತ ಹೋದರು. ಮೂವತ್ತರ ಹೊತ್ತಿಗೆ ಅಂಕಿಗಳು ಕರಗಿ ಬರಿಯ ಮೂಗಿನ ಗುಂಯ್ ಉಳಿಯಿತು, ರೆಪ್ಪೆ ಜೋತುಬಿದ್ದವು. ಒಂದು ಇಂಜೆಕ್ಷನ್ ಚುಚ್ಚಿ ಸ್ವಲ್ಪ ಹೊತ್ತು ಕಾದರು. ನನ್ನ ಕಣ್ಣೆದುರೇ ರೆಪ್ಪೆಗಳು ಎದ್ದವು. ಸ್ಯಾಮುವೆಲ್ ನೂರರವರೆಗೆ ಎಣಿಸಿ, ಹಳೆಯ ನಗು ನಕ್ಕರು. ಎಷ್ಟೋ ದಿನದಿಂದ ಕಾಣದ ನಗು.

ಅದನ್ನೂ ನಾನು ನಂಬಲಿಲ್ಲ. ಅಮಲಿನ ಔಷಧ ಕೊಟ್ಟರೇನೋ ಅನ್ನಿಸಿತು.

"ಇದಕ್ಕ ಮಯಾಸ್ಥೇನಿಯಾ ಗ್ರೇವಿಸ್ ಅಂತಾರ್ರಿ. ನರ ಹೇಳಿದ್ದು ಸ್ನಾಯುಕ್ಕ ಸರಿಯಾಗಿ ಮುಟ್ಟೂದಿಲ್ಲ. ದಣಿದಷ್ಟೂ ಶಕ್ತಿ ಸೋರ್ತದ. ಅದಕ್ಕ ಮುಂಜಾನೆ ಚಲೋ, ಸಂಜಿಗೆ ಸೋಲು."

"ಖರೇ ಗುಣ ಆಗ್ತದೇನ್ರಿ?"

"ಗುಳಿಗಿಲೆ ಹತೋಟಿಯೊಳಗ ಇಡೂಣು. ವ್ಯಾಳ್ಯಾ ತಪ್ಪಿಸಬ್ಯಾಡ್ರಿ, ಉಸಿರಿಗೇ ಕುತ್ತು ಬರ್ತದ. ಖಾಲಿ ಹೊಟ್ಟೀಲೆ ಕೊಟ್ರ ಹೊಟ್ಟಿ ಕಿವುಚ್ತದ. ಮದಲ ಹಾಲೋ ಬಿಸ್ಕೀಟೋ ಕೊಡ್ರಿ."

ಆ ಹಾಲು ಬಿಸ್ಕೀಟಿನ ಮಾತೇ ನಮ್ಮನ್ನು ಸಾವಿನ ಹತ್ತಿರ ಒಯ್ಯುತ್ತದೆಂದು ಯಾರಿಗೆ ಗೊತ್ತಿತ್ತು?

ನಮ್ಮ ಗುಂಪಿಗೊಂದು ಕಟ್ಟಳೆ ಇತ್ತು. ಹೊಸ ಹಾಡು ಕಟ್ಟುವುದು ಶುಕ್ರವಾರ, ಮಾಸ್ತರ ಮನೆಯಲ್ಲಿ. ಅಂದು ಹೊತ್ತು ಮುಳುಗುವವರೆಗೆ ನಾಲ್ವರೂ ಉಪವಾಸ, ನೀರು ಮಾತ್ರ. ಪ್ರಾರ್ಥನೆ ಮುಗಿಸಿ ಹಸಿದ ಹೊಟ್ಟೆಯಲ್ಲೇ ಹಾರ್ಮೋನಿಯಂ ಮುಂದೆ ಕೂತು ಮೊದಲ ಸಾಲು ಹುಡುಕುತ್ತಿದ್ದೆವು. ಒಮ್ಮೆ ಉಂಡು ಕೂತು ಕಟ್ಟಿದ ಹಾಡನ್ನು ಮಾಸ್ತರು "ಇದು ಉಂಡವರ ಹಾಡು" ಎಂದು ಕೈಬಿಡಿಸಿದ್ದರು.

ಗುಳಿಗೆಯಿಂದ ದನಿ ಮರಳಿತ್ತು. ಮಳೆಗಾಲ ಮುಗಿದ ಮೇಲೆ ಮಾಸ್ತರು, ಸ್ಯಾಮುವೆಲ್ ಗುಣವಾದದ್ದಕ್ಕೆ ಸ್ತುತಿಯ ಹಾಡೊಂದು ಆಗಬೇಕೆಂದರು. ಒಂದು ಶುಕ್ರವಾರ ಗೊತ್ತುಮಾಡಿದರು. ನನಗೆ ಶಾಲೆಯಲ್ಲಿ ಪಾಠವಿತ್ತು, ಸಂಜೆಯ ಬಸ್ಸಿಗೆ ಬರುವೆನೆಂದು ಸ್ಯಾಮುವೆಲ್‌ರನ್ನು ಮುಂಜಾನೆಯೇ ಕಳಿಸಿದೆ.

"ಉಪವಾಸ ನಿಮಗಲ್ಲ. ಹಾಲಿನ ಜೋಡಿ ಗುಳಿಗಿ ತಗೋರಿ."

"ಹೂಂ ಅಂದೆನಲ್ಲ ಸುಗುಣಾ."

ಖಾನಾಪುರ ಮುಟ್ಟಿ ಮಾಸ್ತರ ಮನೆಗೆ ಕಾಲಿಟ್ಟಾಗ ಸ್ಯಾಮುವೆಲ್‌ರ ರೆಪ್ಪೆಗಳು ಅರ್ಧಕ್ಕೆ ಇಳಿದಿದ್ದವು.

"ಗುಳಿಗಿ?"

"ತಗೊಂಡೇನಿ." ಮೂಗಿನ ದನಿ.

ಮಾಸ್ತರ ಕಡೆ ನೋಡಿದೆ. ಅವರು ಆಗಲೇ ಕಣ್ಣು ಮುಚ್ಚಿ ಪ್ರಾರ್ಥನೆಗೆ ತೊಡಗಿದ್ದರು. ನನಗೆ ಖಾತ್ರಿಯಾಯಿತು: ವಿಶ್ವಾಸವಿದ್ದವನಿಗೆ ಗುಳಿಗೆ ಯಾಕೆ ಎಂದು ಇವರೇ ತಲೆ ತುಂಬಿದ್ದಾರೆ. ಪ್ರಾರ್ಥನೆಯ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ. ಆಮೆನ್ ಆಯಿತು. ಸ್ಯಾಮುವೆಲ್ ಒಂದು ಗುಟುಕು ನೀರು ಕುಡಿದರು.

ನೀರು ಮೂಗಿನಿಂದ ಹೊರಬಂತು.

ಆಮೇಲಿನದು ತುಂಡು ತುಂಡಾಗಿ ಬರುತ್ತದೆ. ಕೆಮ್ಮಲೂ ಬಲವಿಲ್ಲದ ಎದೆ. ನೀಲಿಗಟ್ಟುವ ಉಗುರು. ಲೂಕಪ್ಪ ರಸ್ತೆಗೆ ಓಡಿದ್ದು. ಹೆಂಚು ಸಾಗಿಸುವ ಟೆಂಪೋ ಸಿಕ್ಕಿದ್ದು. ಹಿಂದೆ ಹೆಂಚಿನ ನಡುವೆ ಅವರನ್ನು ಒರಗಿಸಿಕೊಂಡು ಕೂತೆ. ಪ್ರತಿ ತಗ್ಗಿಗೂ ಹೆಂಚು ಗಲಗಲ ಎನ್ನುತ್ತಿದ್ದವು. ಆ ಸದ್ದಿನಲ್ಲಿ ಅವರ ಉಸಿರು ಕೇಳುತ್ತಿರಲಿಲ್ಲ. ನನ್ನ ಕೆನ್ನೆಯನ್ನು ಅವರ ಮೂಗಿಗೆ ತಾಗಿಸಿಕೊಂಡೇ ಬೆಳಗಾವಿ ಮುಟ್ಟಿದೆ.

ಗಂಟಲಿಗೆ ಟ್ಯೂಬ್ ಹಾಕಿದರು. ಇದ್ದೊಂದು ವೆಂಟಿಲೇಟರನ್ನು ಬೇರೆ ರೋಗಿಗೆ ಹಾಕಿದ್ದರು. ಅದು ಸಿಗುವವರೆಗೆ ಆಂಬು ಬ್ಯಾಗ್ ಎಂಬ ರಬ್ಬರಿನ ಚೀಲವನ್ನು ಕೈಯಿಂದ ಒತ್ತುತ್ತಿರಬೇಕು. ನರ್ಸ್ ಒತ್ತಿ ತೋರಿಸಿ ಲೂಕಪ್ಪನ ಕೈಗೆ ಕೊಟ್ಟಳು. ಅವನು ತುಸು ಹೊತ್ತು ತಪ್ಪಿದ. ಆಮೇಲೆ ತುಟಿಯಲ್ಲಿ ತಾಳದ ಮಾತ್ರೆ ಎಣಿಸತೊಡಗಿದ: ಎರಡಕ್ಕೆ ಒತ್ತು, ಮೂರಕ್ಕೆ ಬಿಡು. ಎರಡಕ್ಕೆ ಒತ್ತು, ಮೂರಕ್ಕೆ ಬಿಡು. ಸ್ಯಾಮುವೆಲ್‌ರ ಎದೆ ಆ ತಾಳಕ್ಕೆ ಏರಿಳಿಯಿತು.

"ಜೀವಮಾನದಾಗ ಮದಲನೇ ಸಲ ನನ್ನ ತಾಳ ತಪ್ಪಿಸಲಿಲ್ಲ ನೋಡು ಮಗನ," ಎಂದ. ಕಣ್ಣೀರು ಒರೆಸಲು ಅವನಿಗೆ ಕೈ ಬಿಡುವಿರಲಿಲ್ಲ.

ಅವನ ಕೈ ಸೋತಾಗ ಮಾಸ್ತರು ಮುಂದೆ ಬಂದರು. ನಾನು ಅಡ್ಡ ನಿಂತೆ.

"ನೀವು ಮುಟ್ಟಬ್ಯಾಡ್ರಿ. ಗುಳಿಗಿ ಬಿಡು ಅಂದಾವ್ರು ನೀವ."

"ಇಲ್ಲವ್ವಾ. ಮಧ್ಯಾಹ್ನ ಹಾಲು ಕಾಸಿ ಮುಂದ ಇಟ್ಟಿದ್ನಿ. ಸುಗುಣಾ ಗುಳಿಗಿ ಕೊಟ್ಟ ಕಳಿಸ್ಯಾಳ್ರಿ, ವ್ಯಾಳ್ಯಾಕ್ಕ ತಗೊಂತೀನಿ, ಉಪವಾಸ ಮುರೀಲಿಕ್ಕೆ ಹಚ್ಚಬ್ಯಾಡ್ರಿ ಅಂದ ಸ್ಯಾಮುವೆಲ್. ನಂಬಿದ್ನಿ."

ನಾನು ನಂಬಲಿಲ್ಲ. ಆದರೆ ಚೀಲ ನಿಲ್ಲುವಂತಿರಲಿಲ್ಲ. ದಾರಿ ಬಿಟ್ಟೆ. ಮಾಸ್ತರು ಲೂಕಪ್ಪನ ಎಣಿಕೆಗೇ ಒತ್ತಿದರು. ಅವರ ಬಳಿಕ ನಾನು ಒತ್ತಿದೆ. ಬೆಳಗಾಗುವ ಹೊತ್ತಿಗೆ ವೆಂಟಿಲೇಟರ್ ಸಿಕ್ಕಿತು.

ಕೆಲವು ದಿನ ಕಳೆದು ಟ್ಯೂಬ್ ತೆಗೆದರು. ಮೂರನೆಯ ದಿನ ಲೂಕಪ್ಪ, ಮಾಸ್ತರು ಇಬ್ಬರೂ ಇದ್ದಾಗ, ಸ್ಯಾಮುವೆಲ್ ಪಿಸುದನಿಯಲ್ಲಿ ಅಂದರು:

"ಮಾಸ್ತರದು ತಪ್ಪಿಲ್ಲ. ನಾನ ಬಿಟ್ಟೆ. ಹಾಡಾಂವ ನಾನೋ ಗುಳಿಗಿಯೋ, ತಿಳೀಬೇಕಾಗಿತ್ತು."

ಲೂಕಪ್ಪ ಮಂಚದ ಕಡೆ ಬಗ್ಗಿದ. "ಇಷ್ಟ ವರ್ಷ ರೊಟ್ಟಿ ತಿಂದ ಹಾಡಿದೆಲ್ಲೋ. ರೊಟ್ಟಿ ಹಾಡ್ತಿತ್ತೇನ?"

ನಾನು ಎಲ್ಲರನ್ನೂ ಸಂಶಯಿಸಿದ್ದೆ. ನನ್ನ ಗಂಡ ತನ್ನ ದನಿಯನ್ನೇ ಸಂಶಯಿಸುತ್ತ ಕೂತದ್ದು ಮಾತ್ರ ನನಗೆ ಕಾಣಲಿಲ್ಲ. ದೇವರು ಕೊಟ್ಟದ್ದು ಯಾವುದು, ಔಷಧಿ ಕೊಟ್ಟದ್ದು ಯಾವುದು ಎಂದು ಬೇರ್ಪಡಿಸಲು ಹೋಗಿದ್ದರು. ನಾವು ಬರೆದ ಹಾಡುಗಳೂ ಅದಕ್ಕೆ ಒತ್ತಾಸೆಯಾಗಿದ್ದವು. ಅವುಗಳಲ್ಲಿ ಎಲ್ಲೆಡೆ ಜಯ, ಬಲ, ಎಂದೂ ಬತ್ತದ ದನಿ.

ಮನೆಗೆ ಬಂದ ಮೇಲೂ ನಾನು ನಿದ್ದೆ ಮಾಡಲಿಲ್ಲ. ಕೈ ಅವರ ಎದೆಯ ಮೇಲಿಟ್ಟೇ ಮಲಗುತ್ತಿದ್ದೆ. ಕಣ್ಣು ಹತ್ತಿದೊಡನೆ ಹೆಂಚಿನ ಗಲಗಲ ಕೇಳಿ ಎಚ್ಚರವಾಗುತ್ತಿತ್ತು. ಗುಳಿಗೆ ನುಂಗಿದೆ ಎಂದರೆ ಬಾಯಿ ತೆರೆಸಿ ನೋಡುತ್ತಿದ್ದೆ. ಅವರೂ ತೆರೆದು ತೋರಿಸುತ್ತಿದ್ದರು, ಮಗುವಿನಂತೆ. ಅವರಿಗೂ ನಿದ್ದೆಯಿರಲಿಲ್ಲ, ಮಲಗಿದರೆ ಉಸಿರು ಮರೆತುಹೋದೀತೆಂಬ ಭಯ.

ಕ್ರಿಸ್ಮಸ್ ಕಳೆದು ಮಾಸ್ತರು ಮತ್ತೊಂದು ಶುಕ್ರವಾರ ಕರೆದರು. ನಾನು ಶಾಲೆಗೆ ರಜೆ ಹಾಕಿ ಮುಂಜಾನೆಯಿಂದಲೇ ಕಾವಲು ಕೂತೆ. ಗುಳಿಗೆಯ ವೇಳೆಗೆ ಮಾಸ್ತರು ಒಳಗಿನಿಂದ ನಾಲ್ಕು ಲೋಟ ಹಾಲು ತಂದರು. ಮೊದಲ ಲೋಟ ಎತ್ತಿ ತಾವೇ ಕುಡಿದರು. ಎಪ್ಪತ್ತರ ಹತ್ತಿರದ ಮನುಷ್ಯ, ಹೊತ್ತು ಮುಳುಗುವ ಮೊದಲು ಉಪವಾಸ ಮುರಿದದ್ದನ್ನು ನಾವು ಕಂಡಿರಲಿಲ್ಲ.

"ಇನ್ನಮ್ಯಾಲೆ ನಮ್ಮ ಉಪವಾಸ ಇವನ ಗುಳಿಗಿತನಕ ಅಷ್ಟ. ಎಲ್ಲಾರೂ ಕುಡೀರಿ."

ಆಮೇಲೆ ಹಾಡಿಗೆ ಕೂತೆವು. ನಾನು ಅಭ್ಯಾಸಬಲದಿಂದ ಉದ್ದ ಸಾಲೊಂದನ್ನು ಶುರುಮಾಡಿದೆ. ಸ್ಯಾಮುವೆಲ್ ತಲೆಯಾಡಿಸಿದರು. ಲೂಕಪ್ಪ ತಬಲಾದ ಮೇಲೆ ಬೆರಳಾಡಿಸುತ್ತಿದ್ದ: ಎರಡಕ್ಕೆ ಒತ್ತು, ಮೂರಕ್ಕೆ ಬಿಡು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಸ್ಪತ್ರೆಯ ಆ ರಬ್ಬರಿನ ಚೀಲದಲ್ಲಿ ಹಿಡಿಯುವಷ್ಟು ಗಾಳಿಗೆ ಎಷ್ಟು ಪದ ಸಾಕೋ ಅಷ್ಟೇ ಬರೆದೆ.

ಇಷ್ಟೇ ಉಸಿರು,
ಇಷ್ಟೇ ಹಾಡು,
ಉಳಿದದ್ದನ್ನು ನೀನೇ ಹಾಡು.

ಮೂರನೆಯ ಸಾಲಿಗೆ ಸ್ಯಾಮುವೆಲ್ ಸುಮ್ಮನಾಗುತ್ತಾರೆ. ಅದನ್ನು ಕೇಳುವವರು ಎತ್ತಿಕೊಳ್ಳಬೇಕು.

ಎತ್ತಿಕೊಳ್ಳುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಬೀಡಿಯ ಅದೇ ಅಂಗಳದಲ್ಲಿ, ಈ ಸಲ ಮುಂಜಾನೆ ಹೊತ್ತಿನಲ್ಲಿ, ಮೊದಲ ಸುತ್ತಿಗೆ ಜನ ಸುಮ್ಮನೇ ಕೂತರು. ಎರಡನೆಯ ಸುತ್ತಿಗೆ ಹಿಂದಿನಿಂದ ಮುದುಕಿಯೊಬ್ಬಳ ಒಡಕು ದನಿ ಎದ್ದಿತು. ಮೂರನೆಯದಕ್ಕೆ ಅಂಗಳವೆಲ್ಲ ಹಾಡಿತು. ಸ್ಯಾಮುವೆಲ್ ಕಣ್ಣು ಮುಚ್ಚಿ, ಹಾಡದೆ, ಉಸಿರಾಡುತ್ತ ಕೂತಿದ್ದರು.

ಅಂದು ಊರಿಗೆ ಮರಳಿ, ಉಂಡು ಮಲಗಿದ್ದಷ್ಟೇ ಗೊತ್ತು. ಎಚ್ಚರಾದಾಗ ಬಿಸಿಲು ಹಾರ್ಮೋನಿಯಂ ಪೆಟ್ಟಿಗೆಯವರೆಗೆ ಬಂದಿತ್ತು. ನನ್ನ ಕೈ ನನ್ನ ದಿಂಬಿನ ಕೆಳಗಿತ್ತು. ಗಾಬರಿಯಿಂದ ಎದ್ದು ಅವರ ಎದೆಗೆ ಕೈಯಿಟ್ಟೆ.

ಅವರು ಕಣ್ಣು ತೆರೆಯದೆಯೇ ಅಂದರು: "ಅದೀನಿ. ಇನ್ನೊಂದೀಟು ಮಲಕೋ."