ಆಕಾಶಕ್ಕೊಂದು ಕೋಣೆ, ಹಿತ್ತಿಲಿಗೊಂದು ಕೋಣೆ

ನನಗೊಂದು ಚಾಳಿ ಇದೆ. ಯಾರು ಎಲ್ಲಿ ಮನೆ ಕಟ್ಟುತ್ತಿದ್ದರೂ ಕೆಲಸ ಬಿಟ್ಟು ನಿಂತು ನೋಡುತ್ತೇನೆ. ನಾನಿರುವ ಪರದೇಶದ ಊರು ಗಾಲ್ವೇಯಲ್ಲಿ ಇದಕ್ಕೆ ಮಳೆಯೊಂದೇ ಅಡ್ಡಿ, ಅಂದರೆ ವರ್ಷವಿಡೀ ಅಡ್ಡಿ. ಅದಕ್ಕೇ ಇರಬೇಕು, ಸ್ಪೇಸ್ ಶಟಲ್‌ಗಳು ಇನ್ನೂ ಹಾರುತ್ತಿದ್ದ ಕಾಲದಲ್ಲಿ, ಅವು ಭೂಮಿ ಸುತ್ತುವ ಬಾಹ್ಯಾಕಾಶ ನಿಲ್ದಾಣಕ್ಕೆ ಒಂದೊಂದೇ ಕೋಣೆ ಒಯ್ದು ಸೇರಿಸುವುದನ್ನು ಕಂಪ್ಯೂಟರಿನಲ್ಲಿ ನೋಡುವ ಗೀಳು ಹತ್ತಿತು. ಅಲ್ಲಿ ಮೇಸ್ತ್ರಿಗಳು ತೇಲುತ್ತಾರೆ, ಮಳೆ ಬರುವುದಿಲ್ಲ.

ಪಾರ್ಕ್‌ಮೋರ್‌ನಲ್ಲಿ ಕಾರ್ಖಾನೆಯೊಂದರಲ್ಲಿ ನನ್ನ ಹೊಟ್ಟೆಪಾಡು, ಹೃದಯದೊಳಕ್ಕೆ ತೂರಿಸುವ ಸಣ್ಣ ನಳಿಗೆಗಳಲ್ಲಿ ಸೋರಿಕೆ ಹುಡುಕುವುದು. ಹಾಗಾಗಿ ಶಟಲ್‌ನವರನ್ನು ದೂರದ ನೆಂಟರೆಂದೇ ತಿಳಿದಿದ್ದೆ. ಹೊಸ ಕೋಣೆಯನ್ನು ಶಟಲ್ ತನ್ನ ಹೊಟ್ಟೆಯಲ್ಲಿಟ್ಟುಕೊಂಡು ಹೋಗುತ್ತದೆ. ಯಂತ್ರದ ಕೈಯೊಂದು ಅದನ್ನು ಮೆಲ್ಲಗೆ ಎತ್ತಿ ನಿಲ್ದಾಣಕ್ಕೆ ಆನಿಸುತ್ತದೆ, ಬೋಲ್ಟುಗಳು ಬಿಗಿಯುತ್ತವೆ. ಬಾಗಿಲು ಮಾತ್ರ ಕೂಡಲೇ ತೆಗೆಯುವುದಿಲ್ಲ. ಗಾಳಿ ಸೋರುತ್ತದೆಯೇ ಎಂದು ಕಾದು ನೋಡಿ, ಆಮೇಲೆ ಮಾಸ್ಕು, ಕನ್ನಡಕ ಹಾಕಿಕೊಂಡು ಒಳಗೆ ಹೋಗುತ್ತಾರೆ; ಅಲ್ಲಿ ಧೂಳು ಕೂಡ ಕೆಳಗೆ ಬೀಳದೆ ತೇಲುತ್ತದಂತೆ. ವಾಸ್ತುವಿನವರಿಗೆ ಮಾತ್ರ ಕಷ್ಟ. ಒಂದೂವರೆ ಗಂಟೆಗೊಮ್ಮೆ ಭೂಮಿ ಸುತ್ತುವ ಮನೆಗೆ ಈಶಾನ್ಯ ಮೂಲೆ ಯಾವುದು?

ಅಂಥ ಒಂದು ಶಟಲ್ ಹೊರಡುವ ವಾರವೇ ನಮ್ಮ ಹಿತ್ತಿಲ ಗೋಡೆ ಒಡೆಸಿ ಒಂದು ಕೋಣೆ ಹಾಕಿಸಲು ಹೊರಟೆ. ಹೆಂಡತಿ ವಸುಧಾ ನಾಲ್ಕು ತಿಂಗಳ ಬಸುರಿ. ಮಗುವಿಗೆ ಒಂದು ಕೋಣೆ ಇರಲಿ ಅಂತ. ಮೈಸೂರಿಗೆ ಫೋನ್ ಮಾಡಿ ಸರಸತ್ತೆಗೆ ಹೇಳಿದೆ. ಅಪ್ಪನ ತಂಗಿ, ನನ್ನನ್ನು ಸಾಕಿದವಳು; ನನ್ನ ಬಾಯಲ್ಲಿ ಬರುವ ಕನ್ನಡವೆಲ್ಲ ಅವಳದೇ.

"ಬಸುರಿ ಇರೋ ಮನೇಲಿ ಗೋಡೆ ಒಡೀಬಾರ್ದು ಕಣೋ. ಹೆರಿಗೆ ಆಗ್ಲಿ, ಆಮೇಲೆ ಅರಮನೆ ಕಟ್ಟಿಸ್ಕೋ."

"ಅತ್ತೆ, ಆಕಾಶದಲ್ಲಿ ಓಡ್ತಾ ಇರೋ ಮನೆಗೇ ರೂಮ್ ಸೇರಿಸ್ತಿದಾರೆ."

"ಅಲ್ಲಿ ಬಸುರಿ ಯಾರಾದ್ರೂ ಇದಾರೇನೋ?"

ನಕ್ಕುಬಿಟ್ಟೆ. ಮೋಡ ಕವಿದು ಶಟಲ್ ಹಾರುವುದು ಎರಡು ಸಲ ಮುಂದಕ್ಕೆ ಹೋಯಿತೆಂದಾಗ ಅತ್ತೆ, "ನೋಡು, ಅವರೂ ಗಳಿಗೆ ನೋಡ್ತಾರೆ" ಅಂದಳು. ಅದಕ್ಕೂ ನಕ್ಕೆ. ಗೋಡೆ ಒಡೀಬಾರದೆಂದ ಅತ್ತೆಯ ಮಾತು ವಸುಧಾಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಬೇಡ ಅನ್ನುತ್ತಿದ್ದಳೇನೋ. ಹೇಳದೇ ಇದ್ದದ್ದು ಅದಕ್ಕೇ.

ಮೇಸ್ತ್ರಿ ಡೆಕ್ಲನ್ ಬಂದು ಗೋಡೆ ತಟ್ಟಿ "ಗ್ರ್ಯಾಂಡ್" ಅಂದ, ಅಂದರೆ ಏನೂ ತೊಂದರೆಯಿಲ್ಲ ಅಂತ. ಈ ಊರಿನಲ್ಲಿ ಛಾವಣಿ ಹಾರಿಹೋದರೂ ಗ್ರ್ಯಾಂಡೇ. ಗೋಡೆ ಬಿತ್ತು, ಅದರ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂತು. ಮೇಲೆ ಆಕಾಶದಲ್ಲಿ ನಿಲ್ದಾಣದವರು ತಮ್ಮ ಹೊಸ ಕೋಣೆಯ ಬಾಗಿಲು ತೆಗೆದು ಒಳಗೆ ತೇಲುವುದನ್ನು ಆಫೀಸಿನಲ್ಲಿ ಊಟದ ಹೊತ್ತಿಗೆ ನೋಡುತ್ತಿದ್ದೆ. ಆಗಲೇ ಆಸ್ಪತ್ರೆಯಿಂದ ವಸುಧಾ ಫೋನ್ ಮಾಡಿದಳು.

ಮಗು ಉಳಿಯಲಿಲ್ಲ. ಯಾರ ತಪ್ಪೂ ಅಲ್ಲ, ಹೀಗಾಗುತ್ತದೆ ಎಂದು ಡಾಕ್ಟರು ಕೂರಿಸಿಕೊಂಡು ಹೇಳಿದರು. ಓದಿದ ನಾನು ಒಪ್ಪಿಕೊಂಡೆ, ಸರಸತ್ತೆ ಸಾಕಿದ ನಾನು ಒಪ್ಪಲಿಲ್ಲ. ಮಾರನೆಯ ದಿನ ಡೆಕ್ಲನ್ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತು, "ಸಾರಿ ಫಾರ್ ಯುವರ್ ಟ್ರಬಲ್" ಅಂದ. ಇಲ್ಲಿ ಸಾವಿನ ಮನೆಯಲ್ಲಿ ಆಡುವ ಮಾತು ಅದು. ನಮ್ಮಲ್ಲಿ ಆಗಿದ್ದು ಸಾವು ಎಂದು ಹೇಳಿದವನು ಅವನೊಬ್ಬನೇ. ಆಮೇಲೆ ಸದ್ದಿಲ್ಲದೆ ಕೋಣೆ ಮುಗಿಸಿಕೊಟ್ಟು ಹೋದ.

ಆ ಕೋಣೆಗೆ ವಸುಧಾ ಕಾಲಿಡಲಿಲ್ಲ. ನಾನೇ ಬಟ್ಟೆ ಒಣಗಿಸುವ ಸ್ಟ್ಯಾಂಡು ಇಟ್ಟೆ, ಸೂಟ್‌ಕೇಸು ಒಟ್ಟಿದೆ. ಅತ್ತೆಯ ಮಾತು ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿ ತೆರೆದು, "ಕಾಫಿ ಕುಡೀತೀಯಾ?" ಎಂದು ಕೇಳಿದ್ದೇನೆ. ಅವಳಿಗೂ ಗೊತ್ತಿರಬೇಕು, ಯಾವ ಮನುಷ್ಯನೂ ದಿನಕ್ಕೆ ಅಷ್ಟು ಸಲ ಕಾಫಿ ಕೇಳುವುದಿಲ್ಲ.

ಮೂರು ವರ್ಷದ ಮೇಲೆ ಸರಸತ್ತೆ ನಮ್ಮಲ್ಲಿ ಬೇಸಿಗೆ ಕಳೆಯಲು ಬಂದಳು. ಮಂಡಿ ನೋವು, ಮಹಡಿ ಹತ್ತಲಾರಳು. ಆ ಕೋಣೆಯಲ್ಲೇ ಮಂಚ ಹಾಕಿದೆವು. ಒಂದು ಮಧ್ಯಾಹ್ನ ಹೊಸ್ತಿಲಾಚೆಯಿಂದಲೇ ಕೈ ಚಾಚಿ ಕಾಫಿ ಕೊಟ್ಟ ವಸುಧಾಳನ್ನು, "ಯಾಕಮ್ಮ, ಒಳಗೆ ಬರಲ್ವಾ?" ಎಂದು ಅತ್ತೆ ಕೇಳಿದಳು. ನನಗೆ ತಡೆಯಲಾಗಲಿಲ್ಲ.

"ಗೋಡೆ ಒಡೀಬೇಡ ಅಂತ ಅತ್ತೆ ಹೇಳಿದ್ರು. ನಾನೇ ನಿನ್ನಿಂದ ಮುಚ್ಚಿಟ್ಟೆ."

ವಸುಧಾ ನನ್ನ ಕಡೆ ನೋಡಲಿಲ್ಲ. "ಹೌದಾ ಅತ್ತೆ? ಹೇಳಿದ್ರಾ ನೀವು?"

ಮದುವೆಮನೆಯಲ್ಲಿ ಹುಳಿಗೆ ಉಪ್ಪು ಹೆಚ್ಚಾದರೆ ಬೀಗರ ಎದುರಿಗೇ ಹೇಳುವ ಹೆಂಗಸು ಸರಸತ್ತೆ. ಊರಿನ ಮಕ್ಕಳ ಹುಟ್ಟಿದ ನಕ್ಷತ್ರವೆಲ್ಲ ನೆನಪಿಟ್ಟವಳು. ಲೋಟ ಕೆಳಗಿಟ್ಟಳು.

"ನಾನೆಲ್ಲಿ ಹಾಗಂದೆ? ಮಳೇಲಿ ಒಡೀಬೇಡ, ನೆಲ ನೆನೆಯುತ್ತೆ ಅಂದಿದ್ದೆ, ಅಷ್ಟೆ. ಇವನು ಚಿಕ್ಕಂದಿನಿಂದ ಹೀಗೇ ಕಣಮ್ಮ. ಅಂದಿದ್ದೊಂದು, ನೆನಪಿಡೋದು ಇನ್ನೊಂದು. ಪೆದ್ದ."

ಅದು ಸುಳ್ಳೆಂದು ನನಗೆ ಗೊತ್ತು. ವಸುಧಾಗೂ ಗೊತ್ತು. ನಮಗೆ ಗೊತ್ತೆಂದು ಅತ್ತೆಗೂ ಗೊತ್ತು. ಗೋಡೆ ಒಡೆದದ್ದಕ್ಕೂ ಮಗು ಹೋದದ್ದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಸತ್ಯವನ್ನೇ ಹೇಳಿದ್ದರು. ಆದರೆ ಆ ಸತ್ಯ ಮಾಡಲಾರದ ಕೆಲಸವನ್ನು ಈ ಸುಳ್ಳು ಮಾಡಿತು.

ವಸುಧಾ ಹೊಸ್ತಿಲು ದಾಟಿ ಹೋಗಿ ಅತ್ತೆಯ ಪಕ್ಕ ಕೂತಳು. ಆಸ್ಪತ್ರೆಯಲ್ಲಿ ಅಳದವಳು ಆಗ ಅತ್ತಳು, ತುಂಬಾ ಹೊತ್ತು. ಅತ್ತೆ ಅವಳ ಬೆನ್ನು ಸವರುತ್ತಲೇ ನನ್ನ ಕಡೆ ತಿರುಗಿದಳು.

"ನೀನೇನು ಅಲ್ಲಿ ನಿಂತು ನೋಡ್ತಿದೀಯ? ಬಾ."

ಹೋದೆ. ಮೂವರು ಕೂತರೆ ಆ ಕೋಣೆ ಸ್ವಲ್ಪ ಚಿಕ್ಕದೇ.