ಬಾವಿ ಮಾತ್ರ ಸಾಮಾಯಿಕ

ತಿಕೋಟಾದ ಧೂಳಪ್ಪನಿಗೆ ವಕೀಲರ ಮಾತುಗಳಲ್ಲಿ ಹಿಡಿಸಿದ್ದು ಒಂದೇ: ಸಾಮಾಯಿಕ. ೧೯೫೮ರಲ್ಲಿ ತಮ್ಮ ಭಾಗಪ್ಪ ಬೇರೆಯಾಗುತ್ತೇನೆಂದು ಹಟ ಹಿಡಿದಾಗ ಇಬ್ಬರೂ ವಿಜಾಪುರದ ಸ್ಟೇಷನ್ ರಸ್ತೆಯಲ್ಲಿದ್ದ ವಕೀಲರಲ್ಲಿಗೆ ಹೋಗಿದ್ದರು. ಅಪ್ಪ ಬಿಟ್ಟುಹೋದ ಲಿಂಬೆಯ ತೋಟ ಎರಡಾಯಿತು, ಮನೆಯ ನಡುವೆ ಗೋಡೆ ಬಂತು. ಬಾವಿಯನ್ನು ಮಾತ್ರ ಒಡೆಯಲಾಗದೆ ವಕೀಲರು ಸಾಮಾಯಿಕ ಎಂದು ಬರೆಸಿದರು. ಹಾಗೆಂದರೇನೆಂದು ಧೂಳಪ್ಪ ಕೇಳಿದ. ಅದರ ಒಂದು ಬೊಗಸೆ ನೀರನ್ನೂ ಇದು ನನ್ನದು, ಅದು ಅವನದು ಎಂದು ತೋರಿಸಲು ಬರುವುದಿಲ್ಲ, ಇಡೀ ಬಾವಿ ಇಬ್ಬರದೂ ಎಂದರು ಅವರು.

ಧೂಳಪ್ಪನ ಮುಖ ಅರಳಿತು. ಹಾಗಾದರೆ ಜೋಡಿ ಎತ್ತುಗಳನ್ನೂ ಹಾಗೇ ಬರೆಯಿರೆಂದ.

ಭಾಗಪ್ಪ ನಕ್ಕ. "ಬರಿಯೂದೇನೋ ಬರೀತಾರ ಯಣ್ಣಾ. ಕಟ್ಟೂದು ಯಾರ ಗ್ವಾದಲ್ಯಾಗ?"

ಒಬ್ಬೊಬ್ಬನಿಗೆ ಒಂದೊಂದು ಎತ್ತು ಬಂತು. ಆದರೆ ಬಾವಿಯಿಂದ ನೀರೆತ್ತುವ ಚರ್ಮದ ಮಟ್ಟಿ ಎಳೆಯಲು ಜೋಡಿಯೇ ಬೇಕು. ಹೀಗಾಗಿ ನೀರಿನ ಪಾಳಿ ಯಾರದೇ ಇರಲಿ, ಇಬ್ಬರೂ ತಂತಮ್ಮ ಎತ್ತು ತಂದು ಒಂದೇ ನೊಗಕ್ಕೆ ಹೂಡುತ್ತಿದ್ದರು. ಕೆಲವು ವರ್ಷ ಹಾಗೇ ನಡೆಯಿತು. ತಾವು ಬೇರೆಯಾಗಿಯೇ ಇಲ್ಲ ಎಂದು ಧೂಳಪ್ಪ ಒಳಗೊಳಗೇ ಅಂದುಕೊಳ್ಳುತ್ತಿದ್ದ.

ಒಮ್ಮೆ ಅವನು ತನ್ನ ಎತ್ತನ್ನು ಬೀಗರ ಬಿತ್ತನೆಗೆಂದು ತೊರವಿಗೆ ಕಳುಹಿಸಿದ. ಮರುದಿನ ತಮ್ಮನ ಪಾಳಿ, ಹೇಳುವುದು ಮರೆತಿತ್ತು. ಭಾಗಪ್ಪ ಒಂಟಿ ಎತ್ತು ಹಿಡಿದು ಬಾವಿಯ ಮೇಲೆ ಮಧ್ಯಾಹ್ನದವರೆಗೆ ನಿಂತ. ಅಂದಿನಿಂದ ಮಾತು ನಿಂತಿತು. ತಪ್ಪಾಯಿತೆನ್ನಲು ಧೂಳಪ್ಪನಿಗೆ ಹಿರಿತನ ಅಡ್ಡ ಬಂತು.

ತಿಂಗಳೊಳಗೆ ಭಾಗಪ್ಪನ ಹೆಂಡತಿ ರುಕ್ಮವ್ವ ಬಂದು ಬಾಗಿಲ ಮರೆಗೆ ನಿಂತಳು.

"ಭಾವಾರ, ನಾಳೆ ಬಬಲೇಶ್ವರ ಸಂತ್ಯಾಗ ಎತ್ತು ಮಾರತಾರಂತ. ನೀವು ಬ್ಯಾಡ ಅಂದ್ರ ನಿಂದರತಾರ್ರಿ."

"ಅವನ ಎತ್ತು," ಎಂದ ಧೂಳಪ್ಪ. "ನಂದೇನೈತಿ ಅದರಾಗ?"

ಆಡಿದ ಮೇಲೆ ಅವನಿಗೆ ಊಟ ಸೇರಲಿಲ್ಲ. ಮರುದಿನ ಬಿಸಿಲೇರಿದ ಮೇಲೆ ಸಿಕ್ಕ ಬಂಡಿ ಹತ್ತಿ ಹೊರಟ. ಬಬಲೇಶ್ವರ ಮುಟ್ಟುವಾಗ ಸಂತೆ ಕರಗುತ್ತಿತ್ತು. ಬೇವಿನ ಮರದ ಕೆಳಗೆ ಭಾಗಪ್ಪ ಕುಳಿತಿದ್ದ. ಮಾರಿದವರು ಉಳಿಸಿಕೊಳ್ಳುವ ಹಗ್ಗ ಮಾತ್ರ ಕೈಯಲ್ಲಿತ್ತು.

"ಊರ ಅಗಸಿ ದಾಟೂ ತನಕ ನಿಂತ ನಿಂತ ನಡದ್ನಿ ಯಣ್ಣಾ," ಎಂದ. "ನೀ ಕರೀತಿ ಅಂತ."

ಧೂಳಪ್ಪ ಪಕ್ಕದಲ್ಲಿ ಕುಳಿತ. ತಪ್ಪಾಯಿತೆನ್ನಲೆಂದೇ ಬಂದಿದ್ದ, ಆಗಲೂ ಅನ್ನಲಿಲ್ಲ.

ಮುಂದೆ ಅವನು ಇನ್ನೊಂದು ಎತ್ತು ತಂದ. ತಮ್ಮನ ಪಾಳಿಯ ದಿನ ಜೋಡಿ ಹೂಡಿಕೊಂಡು ಕಾಯುತ್ತಿದ್ದ. ಭಾಗಪ್ಪ ಬರಲಿಲ್ಲ, ವಿಜಾಪುರದ ಅಡತಿ ಅಂಗಡಿಯಲ್ಲಿ ಚೀಲ ಹೊರಲು ಹೋಗತೊಡಗಿದ್ದ. ತಾನೇ ನೀರು ಹಾಯಿಸೋಣವೆಂದು ಧೂಳಪ್ಪ ಹೋದರೆ, ತಮ್ಮ ತನ್ನ ಹೊಲದ ಕಾಲುವೆಯ ಬಾಯಿಗೆ ಮಣ್ಣು ಮೆತ್ತಿ ಮುಚ್ಚಿದ್ದ. ಆ ಕಡೆಯ ಲಿಂಬೆ ಒಣಗಿತು. ಆ ಪಾಳಿಯ ದಿನಗಳಲ್ಲಿ ಧೂಳಪ್ಪ ತನ್ನ ಗಿಡಗಳಿಗೂ ನೀರು ಬಿಡುತ್ತಿರಲಿಲ್ಲ. ಎತ್ತುಗಳು ನೊಗ ಹೊತ್ತು ಸಂಜೆಯವರೆಗೆ ನಿಂತಿರುತ್ತಿದ್ದವು. ಕೆಳಗೆ ಇಬ್ಬರ ನೀರು ಅಲುಗದೆ ಇರುತ್ತಿತ್ತು.